ಮಾಮಾನ ಸ್ವಂತ ಸರ್ಕಾರ

ಮೊದಲು ಖರ್ಚಿನ ಮಾತು ಹೇಳಿಬಿಡುತ್ತೇನೆ. ನಮ್ಮ ಸೋದರಮಾವನಿಗೆ ಸರ್ಕಾರದ ವೃದ್ಧಾಪ್ಯ ವೇತನ ಕೊಡಿಸಲು ನನ್ನ ಕಿಸೆಯಿಂದ ಹೋದದ್ದು ಹದಿನೇಳು ರೂಪಾಯಿ ಎಂಟಾಣೆ. ಬಸ್ಸಿನ ಟಿಕೀಟು, ಅರ್ಜಿ ಫಾರ್ಮು, ಎರಡು ಸಲ ಮಂಡಕ್ಕಿ-ಮಿರ್ಚಿ ಎಲ್ಲ ಸೇರಿ. ಅದರ ಅರ್ಧದಲ್ಲಿ ಮುಗಿಯುವ ಕೆಲಸವದು! ಸವಣೂರಿನಲ್ಲಿ ವೀಳ್ಯದೆಲೆ ಮಾರಿ ಮೇಲೆ ಬಂದವನು ನಾನು, ದುಪ್ಪಟ್ಟು ಕೊಟ್ಟು ಬರುವ ಪೈಕಿ ಅಲ್ಲ. ಆದರೆ ಮಾಮಾ ಅರ್ಜಿಯಲ್ಲಿ ಒಂದೇ ಒಂದು ಸಾಲು ಬರೆದರು. ಆ ಸಾಲಿನ ಬೆಲೆ ಎಂಟು ರೂಪಾಯಿ ಹನ್ನೆರಡಾಣೆ!

ತನ್ನನ್ನು ತಾನೇ ನೌಕರಿಗೆ ಇಟ್ಟುಕೊಂಡು, ತನಗೆ ತಾನೇ ರಜೆ ನಿರಾಕರಿಸಿ, ಕೊನೆಗೆ ತನ್ನನ್ನು ತಾನೇ ಸಸ್ಪೆಂಡ್ ಮಾಡಿದ ಟೇಲರ್ ಇನ್ನೊಬ್ಬನಿದ್ದರೆ ತೋರಿಸಿ, ಅವನಿಗೆ ಒಂದು ಕಟ್ಟು ಎಲೆ ಪುಕ್ಕಟೆ ಕೊಡುತ್ತೇನೆ!

ಬಂಕಾಪುರದಲ್ಲಿ ಮಾಮಾನ ಅಂಗಡಿ. ಒಂದು ಮಷೀನು, ಒಂದು ಕನ್ನಡಿ, ಮೂಲೆಯಲ್ಲಿ ಚಾಪೆ ಹಾಸಿಕೊಂಡು ಕೂತ ಕಾಜಾದವ್ವ. ಅಂಗಿಯ ಗುಂಡಿ ತೂತಿಗೆ ದಾರ ಸುತ್ತಿ ಕಾಜಾ ಹಾಕುವುದು ಅವಳ ಕೆಲಸ. ಹಾಗಾಗಿ ಊರಿಗೆಲ್ಲ ಅದೇ ಹೆಸರು. ಎದುರು ಮನೆಯ ನಿವೃತ್ತ ಮಾಸ್ತರು ತಿಂಗಳಿಗೊಮ್ಮೆ ಟೊಪ್ಪಿಗೆ ಸರಿಮಾಡಿಕೊಂಡು ಪೆನ್ಶನ್ ತರಲು ಹೊರಡುತ್ತಿದ್ದರು. ಅದನ್ನು ನೋಡಿ ನೋಡಿ ಮಾಮಾ ಒಂದು ದಿನ ಕತ್ತರಿ ಕೆಳಗಿಟ್ಟರು.

"ಅಳಿಯಾ, ಮಾಸ್ತರಗ ಸರ್ಕಾರ ಐತಿ, ಪೆನ್ಶನ್ ಕೊಡತೈತಿ. ನನಗ ಯಾರದಾರ?"

"ಯಾರೂ ಇಲ್ಲ ಬಿಡ್ರಿ ಮಾಮಾ."

"ಹಂಗಾರ ನಾನ ಸರ್ಕಾರ ಆಗತೇನಿ!"

ಆದರು! ಮರುದಿನವೇ ಗೋಡೆಗೆ ಹಾಜರಿ ಪುಸ್ತಕ ತೂಗಿತು. ಸರ್ಕಾರವಾದ ಮಾಮಾ ನೌಕರನಾದ ಮಾಮಾನಿಗೆ ಪಗಾರ ಕೊಡುವುದು. ನೌಕರ ಅದರಲ್ಲಿ ಸ್ವಲ್ಪ ಮುರಿದುಕೊಳ್ಳುವುದು, ಸರ್ಕಾರ ಅಷ್ಟನ್ನೇ ಸೇರಿಸುವುದು, ಎರಡೂ ಕೂಡಿ ಅಂಚೆ ಕಚೇರಿಯ ಪಾಸ್‌ಬುಕ್ಕಿಗೆ. ಐದು ನಿಮಿಷ ತಡವಾಗಿ ಬಂದರೆ ಕೆಂಪು ಶಾಯಿ. ಯಾರಿಗೆ? ಅವರಿಗೇ!

ನನ್ನ ಮದುವೆಗೆ ಸೋದರಮಾವನೇ ಇಲ್ಲ! ಅಕ್ಷತೆ ಮುಗಿದು, ಊಟದ ಎಲೆ ಎತ್ತುವ ಹೊತ್ತಿಗೆ ಬೆವರು ಒರೆಸಿಕೊಳ್ಳುತ್ತ ಬಂದರು.

"ಏನ್ ಮಾಡಲಿ ಅಳಿಯಾ, ಅರ್ಧಾ ದಿನದ ರಜಾ ಮಂಜೂರಾತು. ಕೈಕಾಲ ಬಿದ್ದು ಕೇಳಿದೆ, ಸಾಹೇಬರು ಒಪ್ಪಲಿಲ್ಲ."

"ಸಾಹೇಬರು ಯಾರು?"

ಮಾಮಾ ಎದೆ ಮುಟ್ಟಿ ತೋರಿಸಿದರು. ಇವರು ಮದುವೆಯಾಗದೆ ಉಳಿದದ್ದೂ ರಜೆ ಸಿಗದ್ದಕ್ಕೇ ಇದ್ದೀತೆಂದು ನಮ್ಮವ್ವನಿಗೆ ಕಡೇತನಕ ಗುಮಾನಿ.

ಇನ್ನೊಮ್ಮೆ ಮಾಸ್ತರ ಕೋಟಿನ ತೋಳು ನಾಲ್ಕು ಬೆರಳು ಗಿಡ್ಡವಾಯಿತು. ಮಾಮಾ ತಮ್ಮನ್ನು ಎರಡು ದಿನ ಸಸ್ಪೆಂಡ್ ಮಾಡಿ ಅಂಗಡಿಯ ಕಟ್ಟೆಯ ಮೇಲೆ ಸುಮ್ಮನೆ ಕೂತರು. ಗಿರಾಕಿಗಳು ಬಂದು ಅಂಗಲಾಚಿದರೆ, "ನನ್ನ ಕೈಯಾಗ ಏನಿಲ್ರಿ, ಮ್ಯಾಲಿನವರ ಆರ್ಡರ್" ಎಂಬ ಉತ್ತರ!

ಒಳಗಿನಿಂದ ಕಾಜಾದವ್ವ ಕೂಗಿದಳು: "ಮ್ಯಾಲಿನವರಿಗೆ ಹೇಳ್ರಿ, ಸೂಜಿ ಪೋಣಿಸಿ ಕೊಡಾಕರ ಒಳಗ ಬರಬೇಕಂತ!"

ಐವತ್ತೆಂಟಾದಾಗ ಕನ್ನಡಿಯ ಮುಂದೆ ನಿಂತು ತಾವೇ ತಮಗೆ ಹಾರ ಹಾಕಿಕೊಂಡು ನಿವೃತ್ತರಾದರು. ಪಾಸ್‌ಬುಕ್ಕಿನಿಂದ ತಿಂಗಳಿಗೆ ಇಪ್ಪತ್ತೈದು ರೂಪಾಯಿ ಪೆನ್ಶನ್ ಶುರುವಾಯಿತು. ಮರುದಿನ ಹೋಗಿ ನೋಡುತ್ತೇನೆ, ಮಷೀನು ಗಡಗಡ ಓಡುತ್ತಿದೆ! "ಟೆಂಪರರಿ ಮ್ಯಾಲೆ ತಗೊಂಡಾರ" ಎಂದರು.

ಆ ಟೆಂಪರರಿ ಏಳು ವರ್ಷ ನಡೆಯಿತು. ಅಷ್ಟರಲ್ಲಿ ಕೈ ನಡುಗತೊಡಗಿ ಮಷೀನು ನಿಂತಿತು. ಹೆಂಡತಿ ಮಕ್ಕಳಿಲ್ಲ, ನನ್ನ ಮನೆಗೆ ಬರ್ರಿ ಎಂದರೆ ಬರುವವರಲ್ಲ. ಬರೀ ಇಪ್ಪತ್ತೈದರಲ್ಲಿ ಎರಡು ಹೊತ್ತಿನ ರೊಟ್ಟಿ ಹೇಗೆ? ಹೇಗೂ ಅರವತ್ತೈದು ತುಂಬಿತ್ತು. ನಿಜವಾದ ಸರ್ಕಾರವೇ ಕೊಡಲಿ ಎಂದು ಶಿಗ್ಗಾಂವಿಯ ತಾಲೂಕು ಕಚೇರಿಗೆ ಕರೆದೊಯ್ದೆ. ನಾನು ಮಿರ್ಚಿಯ ದರ ಇಳಿಸಿ ಬರುವುದರೊಳಗೆ ಮಾಮಾ ಅರ್ಜಿ ತುಂಬಿ ಕೊಟ್ಟಾಗಿತ್ತು.

ಗುಮಾಸ್ತರು ಕನ್ನಡಕ ಏರಿಸಿದರು. "ಅಜ್ಜಾರ, ಇತರ ಆದಾಯ ಅನ್ನೂ ಕಡೆ ಪೆನ್ಶನ್ ಅಂತ ಬರದೀರಲ್ಲ. ಯಾವ ಖಾತೇದಾಗ ಇದ್ರಿ?"

"ಹೊಲಿಗಿ ಖಾತೇರಿ."

"ಹಂಗಂದ್ರ? ಸರ್ಕಾರಿನೋ?"

"ಹೌದ್ರಿ. ಸ್ವಂತ ಸರ್ಕಾರ!"

ಪೆನ್ಶನ್ ಬರುವವರಿಗೆ ಇದು ಸಿಗುವುದಿಲ್ಲವೆಂದು ಅರ್ಜಿ ವಾಪಸಾಯಿತು. ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ.

"ಅದನ್ನ್ಯಾಕ ಬರದ್ರಿ ಮಾಮಾ? ಇನ್ನ ಹೊಟ್ಟಿಗೇನ್ ಮಾಡ್ತೀರಿ? ತರ್ರಿ ಇಲ್ಲಿ, ಪಾಸ್‌ಬುಕ್ಕಿನಾಗ ಎಷ್ಟೈತಿ ನೋಡೂನು."

ರೊಕ್ಕವೇನೋ ಇತ್ತು. ಆದರೆ ಪುಸ್ತಕದ ನಡುವೆ ಒಂದು ಮಡಿಸಿದ ಕಾಗದ. ಅದರಲ್ಲಿ ಸಾಲಾಗಿ ಹೆಬ್ಬೆಟ್ಟಿನ ಗುರುತು, ತಿಂಗಳಿಗೊಂದರಂತೆ, ಏಳು ವರ್ಷದ್ದು.

"ಯಾರವು ಇವು?"

ಮಾಮಾ ಕಿಟಕಿಯ ಕಡೆ ತಿರುಗಿದರು. "ಕಾಜಾದವ್ವಂದು. ಅಕಿಗೆ ಕಣ್ಣ ಕಾಣವಲ್ದು ಏಳು ವರ್ಷ ಆತು. ನನಕಿಂತ ಹೆಚ್ಚ ಕುಂತಾಳ ಆ ಅಂಗಡ್ಯಾಗ. ಪೆನ್ಶನ್ ಮೊದಲ ಅಕಿಗೆ ಕೊಡಬೇಕಲ್ಲ?"

ಆ ಟೆಂಪರರಿ ನೌಕರಿ ಯಾತಕ್ಕೆಂದು ಈಗ ತಿಳಿಯಿತು!

"ಅಕಿಗೆ ಹೋಗೂ ರೊಕ್ಕಾ ನಿಮ್ಮ ಆದಾಯ ಅಂತ ಬರದೀರಲ್ರಿ!"

"ಬರೂದು ನನಗ ಬರತೈತಲ್ಲೋ. ಎಲ್ಲಿಗೆ ಹೋಗತೈತಿ ಅಂತ ಬರಿಯಾಕ ಆ ಫಾರ್ಮಿನಾಗ ಜಾಗಾನ ಇಲ್ಲ."

ಪ್ರತಿ ಅಂಗಿಗೂ ನಾಲ್ಕಾಣೆ ಚೌಕಾಸಿ ಮಾಡಿ ಹೊಲಿಸಿಕೊಂಡವನು ನಾನು.

ಮರುದಿನ ಅಂಚೆ ಕಚೇರಿಗೆ ಇಬ್ಬರನ್ನೂ ಕರೆದೊಯ್ದು, ಆ ದುಡ್ಡಷ್ಟನ್ನೂ ಕಾಜಾದವ್ವನ ಹೆಸರಿನ ಹೊಸ ಪಾಸ್‌ಬುಕ್ಕಿಗೆ ಹಾಕಿಸಿದೆ. ಆಮೇಲೆ ಎರಡನೆಯ ಅರ್ಜಿ. ಈ ಸಲ 'ಇತರ ಆದಾಯ: ಇಲ್ಲ' ಎಂದು ಮಾಮಾ ಬರೆದದ್ದು ಅಕ್ಷರಶಃ ನಿಜ. ಕೆಲವು ತಿಂಗಳ ಮೇಲೆ ಪೋಸ್ಟ್‌ಮ್ಯಾನ್ ಮೊದಲ ಮನಿಆರ್ಡರ್ ತಂದಾಗ ಮಾಮಾ ಟೊಪ್ಪಿಗೆ ಸರಿಮಾಡಿಕೊಂಡು ಸಹಿ ಹಾಕಿದರು. ಮೂಲೆಯ ಚಾಪೆಯಿಂದ ದನಿ ಬಂತು: "ಬಂತೇನ್ರಿ ನಿಮ್ಮದೂ?"

"ಬಂತವ್ವಾ" ಎಂದರು.

ಸ್ವಂತ ದುಡಿಮೆಯವರೇ, ವ್ಯಾಪಾರಸ್ಥನ ಮಾತು ಕೇಳಿ. ಅಂಗಡಿ ತೆರೆದ ವಾರವೇ ಪಾಸ್‌ಬುಕ್ಕೂ ತೆರೆಯಿರಿ. ವಯಸ್ಸಿನ ದಾಖಲೆ ಜೋಪಾನ ಮಾಡಿ. ಅರ್ಜಿ ತುಂಬುವಾಗ ಮಿರ್ಚಿ ತರಲು ಹೋಗಬೇಡಿ. ಮತ್ತೆ, ಬೀಗ ಹಾಕುವ ಮುಂಚೆ ಒಮ್ಮೆ ಮೂಲೆಯ ಕಡೆ ನೋಡಿ. ಅಲ್ಲಿ ಯಾರಾದರೂ ತಲೆ ತಗ್ಗಿಸಿ ಕಾಜಾ ಹಾಕುತ್ತಿದ್ದರೆ, ಪಾಸ್‌ಬುಕ್ಕು ಎರಡು ಬೇಕಾಗುತ್ತವೆ.