ಅರವತ್ತೆರಡು ಅಡಿ ನಾಲ್ಕು ಇಂಚು

ಬೆಳಿಗ್ಗೆ ಆರೂವರೆಗೆ, ಹಲ್ಲುಜ್ಜುತ್ತಿದ್ದ ಹೆಂಡತಿಗೆ ಇಂಚಪ್ಪ ಒಂದು ಸಂಖ್ಯೆ ಹೇಳಿದ. ಅವನು ಮಾಡಿದ ತಪ್ಪು ಅಷ್ಟೇ.

ಅವನ ನಿಜವಾದ ಹೆಸರು ಊರಿಗೆ ಮರೆತುಹೋಗಿತ್ತು. ನದಿ ಬಯಲಿನ ನೀರು ಸಮಿತಿಯವರು ಹೊಲಗಳ ನಡುವೆ ಒಂದು ಕೊಳವೆ ಬಾವಿ ಕೊರೆಸಿದ್ದರು. ಅದರಿಂದ ಯಾರೂ ನೀರೆತ್ತುವಂತಿಲ್ಲ. ನೆಲದಡಿಯ ನೀರು ಎಷ್ಟು ಆಳದಲ್ಲಿದೆ ಎಂದು ನೋಡುವುದಕ್ಕೆ ಮಾತ್ರ ಆ ಬಾವಿ. ಮುಷ್ಟಿ ತೂರುವಷ್ಟು ಅಗಲದ ಅದರ ಬಾಯಿಗೆ ವಾರಕ್ಕೊಮ್ಮೆ ಟೇಪು ಇಳಿಬಿಟ್ಟು, ಕಂಡದ್ದನ್ನು ಪುಸ್ತಕದಲ್ಲಿ ಬರೆಯುವುದು ಅವನ ಕೆಲಸ. ಹೇಗಿದ್ದೀಯ ಎಂದು ಕೇಳಿದರೂ ಇಂಚಿನಲ್ಲೇ ಉತ್ತರ ಕೊಡುತ್ತಾನೆ ಎಂದು ಯಾರೋ ಗೇಲಿ ಮಾಡಿದ ದಿನದಿಂದ ಅವನು ಇಂಚಪ್ಪ.

ಬಾವಿಯಲ್ಲಿ ನೀರು ಅರವತ್ತು ಅಡಿಗಿಂತ ಮೇಲಿದ್ದರೆ ಹೊಲದ ಪಂಪುಗಳು ದಿನಾ ಓಡಬಹುದು. ಕೆಳಗೆ ಹೋದರೆ ದಿನ ಬಿಟ್ಟು ದಿನ, ಇನ್ನೂ ಇಳಿದರೆ ಅದಕ್ಕಿಂತಲೂ ಕಡಿಮೆ. ಈ ನಿಯಮಕ್ಕೆ ಊರಿನವರೆಲ್ಲ ಸೇರಿಯೇ ಕೈಯೆತ್ತಿದ್ದರು. ಆಗ ನೀರು ನಲವತ್ತು ಅಡಿಯಲ್ಲಿತ್ತು, ಕೈಗಳೂ ಹಗುರವಾಗಿದ್ದವು.

"ಅರವತ್ತೆರಡು ಅಡಿ ನಾಲ್ಕು ಇಂಚು," ಎಂದ ಇಂಚಪ್ಪ. "ಯಾರಿಗೂ ಹೇಳ್ಬೇಡ. ಮಧ್ಯಾಹ್ನ ಸಮಿತಿಯ ಮೇಡಂ ಬಂದು ತಾವೇ ಅಳೆದು ನೋಡ್ತಾರಂತೆ. ನನ್ನ ಪುಸ್ತಕಕ್ಕೂ ಅವರ ಅಳತೆಗೂ ತಾಳೆ ಬಿದ್ರೆ ಕೆಲಸ ಕಾಯಂ."

"ನಾನ್ಯಾರಿಗೆ ಹೇಳ್ಲಿ," ಎಂದಳು ಹೆಂಡತಿ. ಗಂಡ ಎರಡು ವರ್ಷದಿಂದ ತಾತ್ಕಾಲಿಕ ಎಂಬುದು ಅವಳಿಗೆ ಹಲ್ಲುನೋವಿನಂತಾಗಿತ್ತು. ಬಾಯಿ ಮುಕ್ಕಳಿಸಿ, ಬೇಲಿಯಾಚೆಯ ಚಿಕ್ಕಮ್ಮನಿಗೆ ಮಾತ್ರ ಹೇಳಿದಳು. ಚಿಕ್ಕಮ್ಮನೂ ಯಾರಿಗೂ ಹೇಳಲಿಲ್ಲ, ಎದುರಿಗೆ ಸಿಕ್ಕವರನ್ನು ಬಿಟ್ಟು.

ಏಳೂವರೆಗೆ ಮನೆ ಮುಂದೆ ಜನ ಸೇರಿದ್ದರು. ಎಲ್ಲರಿಗಿಂತ ಮುಂದೆ ಹೆಂಡತಿಯ ಅಣ್ಣ, ಅಂದರೆ ಇಂಚಪ್ಪನ ಭಾವ.

"ಐವತ್ತೊಂಬತ್ತು ಅಂತ ಬರಿಯಪ್ಪ. ಮೂರಡಿ ತಾನೇ, ನಿನ್ನ ಗಂಟೇನು ಹೋಗತ್ತೆ?"

"ನಾನು ಬರೆದ್ರೆ ನೀರು ಮೇಲೆ ಬರಲ್ಲವಲ್ಲ ಭಾವ. ಮೇಡಂ ಟೇಪು ಬಿಟ್ಟು ನೋಡಿದ್ರೆ?"

"ಮೊನ್ನೆ ತಾನೇ ಕಬ್ಬು ನೆಟ್ಟಿದೀನಿ. ದಿನ ಬಿಟ್ಟು ದಿನ ನೀರು ಕುಡಿ ಅಂತ ಅದಕ್ಕೆ ಹೇಳೋಕಾಗತ್ತಾ?"

"ನೆಡೋಕೆ ಮುಂಚೆ ಕೇಳ್ಬೇಕಿತ್ತು."

"ಯಾರನ್ನ, ಕಬ್ಬನ್ನಾ?"

ಜನ ನಕ್ಕರು. ಇಂಚಪ್ಪ ಬೆಣ್ಣೆಯಂಥ ಮನುಷ್ಯ, ಯಾರು ಒತ್ತಿದರೂ ಬೆರಳಚ್ಚು ಮೂಡುತ್ತಿತ್ತು. ಆದರೆ ಟೇಪಿನ ವಿಷಯದಲ್ಲಿ ಮಾತ್ರ ಗಟ್ಟಿ. "ನೀರು ಇಳಿದಿದ್ರೆ ಇಳಿದಿದೆ ಅಂತ ಗೊತ್ತಾಗ್ಬೇಕು. ಈಗ ಮುಚ್ಚಿಟ್ಟು, ಮುಂದಿನ ವರ್ಷ ತಳ ಕಂಡ್ರೆ ಕೊಡ ಹಿಡ್ಕೊಂಡು ಎಲ್ಲಿಗೆ ಹೋಗೋಣ?" ಎಂದ.

ಎಲ್ಲರೂ ತಲೆದೂಗಿ ಹೊರಟರು. ಅಷ್ಟು ಬೇಗ ಒಪ್ಪಿದ್ದು ಕಂಡಾದರೂ ಅವನಿಗೆ ಸಂಶಯ ಬರಬೇಕಿತ್ತು.

ಹತ್ತು ಗಂಟೆಗೆ, ಮೇಡಂ ಬರುವಷ್ಟರಲ್ಲಿ ಬಾವಿಯ ಸುತ್ತ ಕಳೆ ಕಿತ್ತು ಚೊಕ್ಕ ಮಾಡೋಣವೆಂದು ಹೋದ. ಸುತ್ತಲ ನೆಲ ಹಪ್ಪಳದಂತೆ ಒಣಗಿತ್ತು, ಬಾವಿಯ ಬುಡದಲ್ಲಿ ಮಾತ್ರ ಕೆಸರು. ಕೆಸರಿನಲ್ಲಿ ಬಗೆಬಗೆಯ ಚಪ್ಪಲಿಗಳ ಗುರುತು. ಪಕ್ಕದಲ್ಲೇ ಚಿಕ್ಕಮ್ಮ ಬಕೀಟನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದರು. ಬಕೀಟು ಅವರಿಗಿಂತ ದಪ್ಪವಾಗಿತ್ತು.

"ಇದೇನು ಚಿಕ್ಕಮ್ಮ?"

"ಒಂದೇ ಬಕೀಟು ಸುರಿದಿದ್ದು ಕಣಪ್ಪ. ಇಷ್ಟು ದೊಡ್ಡ ಭೂಮಿಗೆ ಒಂದು ಬಕೀಟು ಯಾವ ಲೆಕ್ಕ?"

ಭೂಮಿಗೆ ಲೆಕ್ಕವಲ್ಲ, ಆದರೆ ಅಷ್ಟು ಸಣ್ಣ ಕೊಳವೆಗೆ ದೊಡ್ಡ ಲೆಕ್ಕ. ಒಂದು ಬಕೀಟಿಗೆ ನೀರು ಐದಡಿ ಏರುತ್ತದೆ. ಆಮೇಲೆ ಮಣ್ಣು ಗುಟುಕು ಗುಟುಕಾಗಿ ಕುಡಿದುಕೊಳ್ಳುತ್ತದೆ. ಚಿಕ್ಕಮ್ಮನಿಗಿಂತ ಮೊದಲು ಭಾವ ಎರಡು ಕ್ಯಾನು ಸುರಿದು ಹೋಗಿದ್ದ. ಭಾವನಿಗಿಂತ ಮೊದಲು ಇನ್ನೂ ಕೆಲವರು. ಪ್ರತಿಯೊಬ್ಬರೂ ಈ ಉಪಾಯ ತಮಗೊಬ್ಬರಿಗೇ ಹೊಳೆದದ್ದು ಎಂದುಕೊಂಡು ಬೆಕ್ಕಿನ ಹೆಜ್ಜೆಯಲ್ಲಿ ಬಂದು ಹೋಗಿದ್ದರು.

ಇಂಚಪ್ಪ ಟೇಪು ಬಿಟ್ಟ. ಮೂವತ್ತೊಂದು ಅಡಿ.

ಪುಸ್ತಕದಲ್ಲಿ ಅರವತ್ತೆರಡು, ಬಾವಿಯಲ್ಲಿ ಮೂವತ್ತೊಂದು. ಇವನಿಗೆ ಕಣ್ಣಿಲ್ಲ ಅಥವಾ ನೀಯತ್ತಿಲ್ಲ ಎಂದು ಮೇಡಂ ತಿಳಿಯುತ್ತಾರೆ. ನಿಜ ಹೇಳಿದರೆ ಬಾವಿ ಮುಟ್ಟಿದವರ ಪಂಪಿಗೆಲ್ಲ ಸಮಿತಿ ಮೊಹರು ಹಾಕುತ್ತದೆ. ಭಾವನ ಪಂಪಿಗೆ ಮೊಹರು ಬಿದ್ದ ಮೇಲೆ ಹೆಂಡತಿಯ ಮುಖ ನೋಡಿಕೊಂಡು ಬದುಕಬೇಕಾದವನು ತಾನು. ಉಳಿದದ್ದು ಒಂದೇ ದಾರಿ. ಮನೆಗೆ ಓಡಿ, ಲೀಟರು ಹಿಡಿಯುವ ಸಣಕಲು ಬಾಟಲಿಗೆ ಕಲ್ಲು ಕಟ್ಟಿ, ಹಗ್ಗ ಬಿಗಿದು ತಂದ. ಇಳಿಬಿಟ್ಟ, ಎಳೆದ, ಚೆಲ್ಲಿದ.

"ಸುರಿದದ್ದನ್ನ ಮತ್ತೆ ಎತ್ತೋದು ಯಾವ ಸೀಮೆ ಕೆಲಸ?" ಎಂದರು ಚಿಕ್ಕಮ್ಮ.

"ದಯವಿಟ್ಟು ಮನೆಗೆ ಹೋಗಿ ಚಿಕ್ಕಮ್ಮ."

"ಹೋಗ್ತೀನಿ. ಸುಮ್ನೆ ನೆಲಕ್ಕೆ ಚೆಲ್ಬೇಡ, ನನ್ನ ಸೊಪ್ಪಿನ ಮಡಿ ಇಲ್ಲೇ ಇದೆ. ಅಲ್ಲಿಗೆ ಹಾಕು."

ಹಿರಿಯರ ಮಾತು. ಅಲ್ಲಿಂದಾಚೆ ಪ್ರತಿ ಬಾಟಲಿಗೂ ಇಪ್ಪತ್ತು ಹೆಜ್ಜೆ ನಡೆದು ಸೊಪ್ಪಿಗೆ ಸುರಿದು ಬಂದ. ಹಾಗೆ ಒಮ್ಮೆ ಹೋಗಿ ಬರುವಷ್ಟರಲ್ಲಿ ಭಾವ ಮೂರನೇ ಕ್ಯಾನು ಹೆಗಲ ಮೇಲೆ ಹೊತ್ತು ಬಾವಿಯ ಹತ್ತಿರ ನಿಂತಿದ್ದ.

"ಭಾವ, ನಿಮ್ಮ ಕಾಲಿಗೆ ಬೀಳ್ತೀನಿ."

"ಬೀಳಪ್ಪ. ಆದ್ರೆ ಸ್ವಲ್ಪ ಆಚೆ ಬೀಳು, ಬಾವಿಗೆ ಅಡ್ಡ ಆಗ್ತೀಯ."

ಅಷ್ಟರಲ್ಲಿ ಹೆಂಡತಿ ಬಂದಳು. ಮುಚ್ಚಳವನ್ನು ಕೊಳವೆಯ ಮೇಲಿಟ್ಟು, ಅದರ ಮೇಲೆ ತಾನು ಕೂತಳು. "ಸುರಿ ಅಣ್ಣ. ಇವರ ಕೆಲಸ ಹೋದ್ರೆ ನಾಳೆಯಿಂದ ನಾವಿಬ್ರೂ ನಿಮ್ಮನೇಲೇ ಇರ್ತೀವಿ. ಅತ್ತಿಗೆಗೆ ಹೇಳಿಬಿಡು."

ಭಾವ ಸ್ವಲ್ಪ ಹೊತ್ತು ಕಬ್ಬಿನ ಕಡೆ ನೋಡಿದ, ಸ್ವಲ್ಪ ಹೊತ್ತು ತಂಗಿಯ ಕಡೆ. ಕ್ಯಾನು ಹೊತ್ತುಕೊಂಡು ಬಂದ ದಾರಿಯಲ್ಲೇ ಹೋದ.

ಹೆಂಡತಿ ಎದ್ದು ಮುಚ್ಚಳ ತೆಗೆದಳು, ಇಂಚಪ್ಪ ಮತ್ತೆ ಎಳೆಯತೊಡಗಿದ. ಅಂಗೈ ಕೆಂಪಾಯಿತು, ಚಿಕ್ಕಮ್ಮನ ಸೊಪ್ಪು ಹಸಿರಾಯಿತು. ಐವತ್ತು ಅಡಿ. ಐವತ್ತೆಂಟು. ಅರವತ್ತೊಂದೂವರೆ. ಹನ್ನೆರಡೂವರೆಗೆ ಕೊನೆಯ ಬಾಟಲಿ ಎತ್ತಿ ಟೇಪು ಬಿಟ್ಟ. ಅರವತ್ತೆರಡು ಅಡಿ, ನಾಲ್ಕು ಇಂಚು. ದೂರದಲ್ಲಿ ಮೇಡಂ ಅವರ ಜೀಪಿನ ಧೂಳು ಕಾಣಿಸಿತು. ಅವನು ಬಾಟಲಿಯನ್ನು ಪೊದೆಗೆ ಎಸೆದು, ಬುಡದ ಕೆಸರಿನ ಮೇಲೆ ಒಣಮಣ್ಣು ಎಳೆದು ಅಂಗಿ ಸರಿಮಾಡಿಕೊಂಡ.

ಮೇಡಂ ಕೊಡೆ ಹಿಡಿದು ಇಳಿದರು. ಊರೇ ಸೇರಿತ್ತು. ತಮ್ಮ ಟೇಪನ್ನು ತಾವೇ ಇಳಿಬಿಟ್ಟು, ಕನ್ನಡಕ ಏರಿಸಿ ನೋಡಿದರು. ಆಮೇಲೆ ಪುಸ್ತಕ ನೋಡಿದರು. ಮತ್ತೆ ಟೇಪು ನೋಡಿದರು.

"ಅರವತ್ತೆರಡು, ನಾಲ್ಕು. ಇಂಚಿಗಿಂಚು ಸರಿಯಾಗಿದೆ."

ಹೆಂಡತಿ ಉಸಿರು ಬಿಟ್ಟಳು.

"ಇದನ್ನ ಎಷ್ಟು ಹೊತ್ತಿಗೆ ಅಳೆದ್ರಿ?"

"ಬೆಳಿಗ್ಗೆ ಆರಕ್ಕೆ ಮೇಡಂ."

"ಆಮೇಲೆ ಪಂಪು ನಿಂತಿತ್ತಾ?"

"ಒಂದೂ ನಿಂತಿಲ್ಲ ಮೇಡಂ," ಎಂದ ಭಾವ ಹೆಮ್ಮೆಯಿಂದ. "ಇಪ್ಪತ್ತಾರು ಪಂಪೂ ಓಡ್ತಾ ಇವೆ."

ಮೇಡಂ ನಿಧಾನವಾಗಿ ಪುಸ್ತಕ ಮುಚ್ಚಿದರು. "ಅಲ್ಲೇ ನೋಡಿ. ಇಪ್ಪತ್ತಾರು ಪಂಪು ಆರೂವರೆ ಗಂಟೆ ಎಳೆದಿವೆ. ನೀರು ಒಂದಡಿಯಾದ್ರೂ ಇಳೀಬೇಕು. ಇವತ್ತು ನೋಡಿದ ಎಲ್ಲಾ ಊರಲ್ಲೂ ಇಳಿದಿದೆ. ಇಲ್ಲಿ ಕೂದಲೆಳೆಯಷ್ಟೂ ಅಲ್ಲಾಡಿಲ್ಲ."

"ತಾಳೆ ಬಿದ್ದಿದೆಯಲ್ಲ ಮೇಡಂ," ಎಂದ ಇಂಚಪ್ಪ ಸಣ್ಣ ದನಿಯಲ್ಲಿ.

"ಬೀಳಬಾರದಾಗಿತ್ತು. ನಿಮ್ಮದೇನೂ ತಪ್ಪಿಲ್ಲಪ್ಪ, ಅಕ್ಷರ ಮುತ್ತಿನ ಹಾಗಿದೆ. ಬಾವಿಯ ತಳ ಹೂಳು ತುಂಬಿ ಮುಚ್ಚಿಹೋಗಿದೆ. ನೆಲದಡಿ ನೀರಿಗೂ ಇದಕ್ಕೂ ಸಂಬಂಧ ಕಡಿದಿದೆ. ಸತ್ತ ಬಾವಿಗೆ ಅಳತೆಗಾರ ಯಾಕೆ ಹೇಳಿ?"

ಇಂಚಪ್ಪ ಬಾಯಿ ತೆರೆದ. ಭಾವ ತನ್ನ ಚಪ್ಪಲಿಯ ಕೆಸರು ನೋಡಿಕೊಳ್ಳುತ್ತಿದ್ದ. ಚಿಕ್ಕಮ್ಮ ಸೊಪ್ಪಿನ ಕಡೆ ತಿರುಗಿದ್ದರು. ಹೆಂಡತಿ ಮಾತ್ರ ಅವನನ್ನೇ ನೋಡುತ್ತಿದ್ದಳು. ಅವನು ಬಾಯಿ ಮುಚ್ಚಿದ.

"ಹೊಸ ಬಾವಿ ಕೊರೆಯೋವರೆಗೂ ಈ ಊರಿಗೆ ಪಕ್ಕದೂರಿನ ಬಾವಿಯೇ ಅಳತೆ," ಎಂದು ಮೇಡಂ ಜೀಪು ಹತ್ತಿದರು. "ಅಲ್ಲಿ ಎಪ್ಪತ್ತೊಂದು ಅಡಿ ಇದೆ. ಎಪ್ಪತ್ತು ದಾಟಿದ್ರೆ ವಾರಕ್ಕೆ ಎರಡೇ ದಿನ ಪಂಪು. ನಿಯಮ ನಿಮಗೆ ಗೊತ್ತೇ ಇದೆಯಲ್ಲ, ನೀವೇ ಕೈಯೆತ್ತಿದವರು."

ಪುಸ್ತಕವೂ ಅವರ ಜೊತೆಗೇ ಹೋಯಿತು. ಧೂಳು ಅಡಗುವಷ್ಟರಲ್ಲಿ ಎಲ್ಲರ ಕಣ್ಣೂ ಇಂಚಪ್ಪನ ಮೇಲೆ ಬಿದ್ದವು.

"ಎಲ್ಲಾ ಇವನಿಂದಲೇ," ಎಂದ ಭಾವ. "ಒಂದಡಿ ಹೆಚ್ಚುಕಮ್ಮಿ ಬಿಡೋಕೆ ಏನಾಗಿತ್ತು ದಾಡಿ?"

ಜನ ಹೌದು ಹೌದು ಎನ್ನುತ್ತ ಚದುರಿದರು. ಇಂಚಪ್ಪ ಎಷ್ಟೋ ಹೊತ್ತು ಬಾವಿಯ ಪಕ್ಕದಲ್ಲೇ ಕೂತಿದ್ದ. ಆಮೇಲೆ ಕೈ ಸುಮ್ಮನಿರದೆ ಟೇಪು ಇಳಿಬಿಟ್ಟ. ಉಳಿದ ನೀರನ್ನೂ ಮಣ್ಣು ಕುಡಿದು ಮುಗಿಸಿತ್ತು. ಅರವತ್ತಮೂರು ಅಡಿ ಆರು ಇಂಚು. ಪಂಪುಗಳು ಅಷ್ಟು ಹೊತ್ತು ಎಳೆದ ಮೇಲೆ ಎಷ್ಟು ಇರಬೇಕೋ ಅಷ್ಟೇ. ಬಾವಿಗೆ ಯಾವ ರೋಗವೂ ಇರಲಿಲ್ಲ. ಬರೆದಿಡಲು ಪುಸ್ತಕವೂ ಇರಲಿಲ್ಲ.

"ಇನ್ನು ನಿನಗೆ ಆ ಟೇಪು ಯಾತಕ್ಕಪ್ಪ?" ಎಂದರು ಹಿಂದಿನಿಂದ ಚಿಕ್ಕಮ್ಮ. "ಕೊಡು. ನಮ್ಮನೆ ಬಟ್ಟೆ ಒಣಹಾಕೋ ಹಗ್ಗ ಕಿತ್ತುಹೋಗಿದೆ."

ಇಂಚಪ್ಪ ಟೇಪನ್ನು ಒರೆಸಿ ನಿಧಾನವಾಗಿ ಸುತ್ತಿದ.

"ಎಷ್ಟು ಅಡಿ ಬೇಕು ಚಿಕ್ಕಮ್ಮ?" ಎಂದು ಕೇಳಿದ.