ಅಪ್ಪನ ಹಲ್ಲಲ್ಲಿ ದಾರ

ಅಪ್ಪನಿಗೊಂದು ಅಭ್ಯಾಸ. ಮೀನಿನ ಗಾಳದ ಕೋಲಿಗೆ, ಗಾಳದ ನೂಲು ಹಾಯುವ ಉಂಗುರಗಳನ್ನು ದಾರ ಸುತ್ತಿ ಕಟ್ಟುವಾಗ ಆ ದಾರದ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿರುತ್ತಾರೆ. ಬಿಗಿ ತಪ್ಪಬಾರದಂತೆ. ಆಗ ಸೂರಿಗೆ ಬೆಂಕಿ ಬಿದ್ದರೂ ಅವರಿಂದ ಉತ್ತರ ಬರುವುದಿಲ್ಲ. ಹಾಗಾಗಿ ನಮ್ಮನೆಯಲ್ಲಿ ಏನಾದರೊಂದು ಫಜೀತಿ ಆಗುತ್ತಲೇ ಇತ್ತು. ಉತ್ತರ ಹೇಳುವ ಕರ್ಮ ಮಾತ್ರ ಅಮ್ಮನದು, ನನ್ನದು.

ನಮ್ಮದು ಮೀನು ತಿನ್ನುವ ಮನೆಯಲ್ಲ. ಅಪ್ಪ ಬಣಕಲ್ ಹತ್ತಿರ ಮೇಷ್ಟ್ರು. ಎಸ್ಟೇಟಿನವರಿಗೆ ಕೋಲು ಮಾಡಿಕೊಡುವುದು ಅವರ ಹುಚ್ಚು. "ನಾನು ಮೀನು ಹಿಡಿಯೋದಿಲ್ಲ, ಮುಟ್ಟೋದಿಲ್ಲ. ಉಂಗುರ ಕಟ್ತೇನೆ, ಅಷ್ಟೇ" ಎನ್ನುತ್ತಿದ್ದರು.

ಅಮ್ಮನ ಭಯವೆಲ್ಲ ದೊಡ್ಡಪ್ಪನದು. ಅವರು ಸಂಸೆ ಕಡೆ ದೇವಸ್ಥಾನದ ಅರ್ಚಕರು. ಒಮ್ಮೆ ನಮ್ಮ ಅಡುಗೆಮನೆಯಲ್ಲಿ ಈರುಳ್ಳಿ ಬುಟ್ಟಿ ಕಂಡು ಎರಡು ವರ್ಷ ನಮ್ಮಲ್ಲಿ ನೀರು ಕುಡಿದಿರಲಿಲ್ಲ. "ಗಾಳ ಅಂತ ಗೊತ್ತಾದ್ರೆ ಈ ಜನ್ಮದಲ್ಲಿ ನಮ್ಮನೆ ಮೆಟ್ಲು ಹತ್ತೋದಿಲ್ಲ" ಎಂದು ಅಮ್ಮ ದಿನಾ ನಡುಗುತ್ತಿದ್ದಳು.

ಕುಚ್ಚು

ಸೀರೆಗೆ ಕುಚ್ಚು ಕಟ್ಟಲೆಂದು ಅಮ್ಮ ತಂದಿಟ್ಟ ನೇರಳೆ ರೇಷ್ಮೆ ದಾರ ಅರ್ಧಕ್ಕರ್ಧ ಮಾಯವಾಯಿತು. ಕೇಳಿದರೆ ಅಪ್ಪನ ಹಲ್ಲಲ್ಲಿ ದಾರ, ಬಣ್ಣ ನೇರಳೆ.

ಸೆರಗಿಗೆ ಅರ್ಧ ಕುಚ್ಚು ಕಟ್ಟಿಕೊಂಡೇ ಅಮ್ಮ ಮದುವೆಗೆ ಹೋದಳು. ಅಲ್ಲಿ ಪಕ್ಕದ ಎಸ್ಟೇಟಿನ ಸಾಹುಕಾರರ ಹೆಂಡತಿ, "ಅಯ್ಯೋ, ನಮ್ಮವರ ಗಾಳದ ಕೋಲಿಗೂ ಇದೇ ಬಣ್ಣದ ದಾರ ಕಣ್ರೀ!" ಎಂದರು.

"ಹೌದು, ಉಳಿದ ಕುಚ್ಚು ಅಲ್ಲೇ ಇದೆ" ಎಂದಳು ಅಮ್ಮ.

ಮುಂದಿನ ಪುಟ

ಅಪ್ಪನ ಹತ್ತಿರ ಕೋಲು ಕಟ್ಟುವ ಇಂಗ್ಲಿಷ್ ಪುಸ್ತಕವೊಂದಿತ್ತು. ಓದಿ ಹೇಳುವವಳು ನಾನು. "ಕಾನ್ವೆಂಟಿಗೆ ಕಳಿಸಿದ್ದಕ್ಕೂ ಸಾರ್ಥಕ ಆಯ್ತು" ಎನ್ನುತ್ತಿದ್ದರು. ಒಂದು ದಿನ ಅರ್ಧಕ್ಕೇ "ಸಾಕು, ಅರ್ಥ ಆಯ್ತು" ಎಂದು ಕಟ್ಟಲು ಕೂತರು. ನಾನು ಸುಮ್ಮನೆ ಪುಟ ತಿರುಗಿಸಿದೆ. ಕೋಲಿನ ಎರಡು ತುಂಡು ಸೇರುವ, ಒಯ್ಯುವಾಗ ಬಿಚ್ಚಿಕೊಳ್ಳಬೇಕಾದ ಜಾಗದ ಮೇಲೆ ಯಾವ ಕಾರಣಕ್ಕೂ ಉಂಗುರ ಕಟ್ಟಬೇಡಿ ಎಂದಿತ್ತು. ಅಪ್ಪ ಕಟ್ಟುತ್ತಿದ್ದುದು ಅಲ್ಲೇ.

"ಅಪ್ಪಾ..." ಎಂದೆ, ನನ್ನ ಎಂದಿನ ಸಣ್ಣ ದನಿಯಲ್ಲಿ. ದಾರ ಕಚ್ಚಿಕೊಂಡೇ ಬೆರಳೆತ್ತಿದರು: ಸುಮ್ಮನಿರು. ಸುಮ್ಮನಿದ್ದೆ. ಅದೊಂದು ನನಗೆ ಚೆನ್ನಾಗಿ ಬರುತ್ತದೆ.

ಕೋಲು ಒಯ್ಯಲು ಬಂದ ಸಾಹುಕಾರರು ಎಳೆದರು, ತಿರುಚಿದರು. ಬಿಚ್ಚಿಕೊಳ್ಳಲಿಲ್ಲ. "ಮೇಷ್ಟ್ರೇ, ಒಂಬತ್ತು ಅಡಿ ಇದೆ. ಜೀಪಲ್ಲಿ ಹ್ಯಾಗೆ ಒಯ್ಯಲಿ ಮಾರಾಯ್ರೇ?"

"ಎರಡೂ ಕಿಟಕಿ ತೆಗೆದಿಡಿ" ಎಂದರು ಅಪ್ಪ.

ವಾರ್ನಿಷ್

ಉಂಗುರ ಕಟ್ಟಿದ ಮೇಲೆ ದಾರಕ್ಕೆ ವಾರ್ನಿಷ್ ಬಳಿದು, ಅದು ಒಣಗುವ ತನಕ ಕೋಲನ್ನು ತಿರುಗಿಸುತ್ತಲೇ ಇರಬೇಕು. ನಿಲ್ಲಿಸಿದರೆ ವಾರ್ನಿಷ್ ಇಳಿದು ಗಂಟಾಗುತ್ತದೆ. ಆ ಭಾನುವಾರ ನಾನು ಜಗಲಿಯಲ್ಲಿ ತಿರುಗಿಸುತ್ತಿದ್ದೆ. ಮೂಲೆಯಲ್ಲಿ ಅಪ್ಪ ಮುಂದಿನ ಕೋಲಿಗೆ ದಾರ ಸುತ್ತುತ್ತಿದ್ದರು. ಹೇಳದೆ ಕೇಳದೆ ದೊಡ್ಡಪ್ಪ ಬಂದರು.

"ಏನೇ ಇದು, ಉಂಗುರದ ಕೋಲು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ, "ಟಿ.ವಿ. ಆಂಟೆನಾ, ಭಾವ. ಹೊಸ ನಮೂನೆದು" ಎಂದುಬಿಟ್ಟಳು.

"ಹಾಗಾದ್ರೆ ಟಿ.ವಿ. ಹಾಕು. ನೋಡೇಬಿಡೋಣ."

ಹಾಕಿದಳು. ಎಂದಿನಂತೆ ಬರೀ ಚುಕ್ಕಿ. ದೊಡ್ಡಪ್ಪ ಟಿ.ವಿ. ಮುಂದೆ ಕೂತು ಶುರುಮಾಡಿದರು. "ತಿರುಗಿಸು... ಇನ್ನೂ ಸ್ವಲ್ಪ... ಬಂತು ಬಂತು, ನಿಲ್ಲಿಸು!"

ನಿಲ್ಲಿಸುವ ಹಾಗಿಲ್ಲ. ವಾರ್ನಿಷ್ ಹಸಿ.

"ನಿಲ್ಲಿಸೇ ಮಾರಾಯ್ತಿ! ಹೋಯ್ತು ನೋಡು!"

ಅಷ್ಟರಲ್ಲಿ ಸೂರಿನ ಮೇಲಿನ ನಿಜವಾದ ಆಂಟೆನಾದಿಂದ ಕಾಗೆ ಹಾರಿತೋ ಏನೋ, ಚಿತ್ರ ಕನ್ನಡಿಯ ಹಾಗೆ ಬಂದು ನಿಂತಿತು. ನಾನು ತಿರುಗಿಸುತ್ತಲೇ ಇದ್ದೆ, ಚಿತ್ರ ಅಲುಗಲಿಲ್ಲ. ದೊಡ್ಡಪ್ಪ ಕೋಲಿಗೆ ಕೈಮುಗಿಯುವುದೊಂದು ಬಾಕಿ.

"ತಿರುಗಿಸಿದ್ರೂ ಹೋಗೋದಿಲ್ಲ ಅಂದ್ರೆ! ನಾನು ಇಷ್ಟು ಒಳ್ಳೆ ಚಿತ್ರ ಎಲ್ಲೂ ನೋಡಿಲ್ಲ." ಅಮ್ಮ ಕೊಟ್ಟ ನೀರನ್ನು ಗಟಗಟ ಕುಡಿದು ಅಪ್ಪನ ಕಡೆ ತಿರುಗಿದರು. "ತಮ್ಮಾ, ನಂಗೂ ಇಂಥದ್ದೊಂದು ಕಟ್ಟಿಕೊಡೋ. ದೇವಸ್ಥಾನದ ಮಾಡಿನ ಮೇಲೇ ನಿಲ್ಲಿಸ್ತೇನೆ. ಬಂದವರಿಗೆಲ್ಲ ನನ್ನ ತಮ್ಮ ಮಾಡಿದ್ದು ಅಂತ ಹೇಳ್ತೇನೆ. ಯಾವಾಗ ಕೊಡ್ತೀ?"

ಅಪ್ಪ ಉಂಗುರ ಕಟ್ಟಿ ಮುಗಿಸಿ ಎಷ್ಟೋ ಹೊತ್ತಾಗಿತ್ತು. ಹಲ್ಲು ಮಾತ್ರ ದಾರ ಬಿಡಲಿಲ್ಲ.