ನನ್ನ ಕೆಂಪು ಕಣ್ಣಿನ ವೈದ್ಯರು

ಹೊಟ್ಟೆನೋವು ಬಂದರೆ ಮುಚ್ಚಿಟ್ಟುಕೊಳ್ಳಬಹುದು. ಬೆನ್ನು ಹಿಡಿದುಕೊಂಡರೆ ಸೆಟೆದು ನಡೆದು, ‘ಏನು ಗತ್ತು!’ ಎನ್ನಿಸಿಕೊಳ್ಳಬಹುದು. ಆದರೆ ಕಣ್ಣು ಕೆಂಪಾಯಿತೋ, ನಿಮ್ಮ ಮುಖ ಸಾರ್ವಜನಿಕ ಆಸ್ತಿಯಾಯಿತೆಂದೇ ತಿಳಿಯಿರಿ. ಎದುರಿಗೆ ಬಂದವರೆಲ್ಲ ನಿಮ್ಮ ರೆಪ್ಪೆ ಎಳೆದು ಒಳಗೆ ಇಣುಕುತ್ತಾರೆ. ಕೇಳದೆ ಮದ್ದು ಹೇಳುವ ಇಂಥವರನ್ನು ಕಂಡರೆ ನನಗೆ ಒಳಗೊಳಗೇ ತಾತ್ಸಾರ. ಎಪ್ಪತ್ತರ ದಶಕದಲ್ಲಿ ಮೈಸೂರು ಬಿಟ್ಟು ತಿರುವನಂತಪುರಕ್ಕೆ ಹೋಗಿ, ಪಟ್ಟಂ ಬಡಾವಣೆಯಲ್ಲಿ ಬಾಡಿಗೆ ಮನೆ ಹಿಡಿದಿದ್ದ ಕಾಲದಲ್ಲಿ ಅದು ಇನ್ನಷ್ಟು ಗಟ್ಟಿಯಾಯಿತು.

ನಮ್ಮ ಸಂಸ್ಥೆಗೆ ಆಗತಾನೇ ಒಂದು ಕಂಪ್ಯೂಟರ್ ಬಂದಿತ್ತು. ಬೀರುಗಳನ್ನು ಸಾಲಾಗಿ ನಿಲ್ಲಿಸಿದಂತಿದ್ದ ಆ ಮಹಾರಾಯನಿಗೆ ಸೆಕೆ ಆಗಿಬರುತ್ತಿರಲಿಲ್ಲ. ಅದಕ್ಕೆಂದೇ ಕೋಣೆಯನ್ನು ತಣ್ಣಗೆ ಕೊರೆಯುವಂತೆ ಇಟ್ಟಿದ್ದರು. ಅದರ ಸೇವೆಗೆ ನೇಮಕವಾಗಿದ್ದ ನಾನು ಒಳಗೆ ಸ್ವೆಟರ್ ಹಾಕಿಕೊಂಡು ನಡುಗುತ್ತ, ಹೊರಗೆ ಬಂದೊಡನೆ ಬೆವರಿನಲ್ಲಿ ತೊಯ್ಯುತ್ತ ಬದುಕುತ್ತಿದ್ದೆ. ಒಂದು ಸಂಜೆ ಮನೆಗೆ ಬಂದಾಗ ಮಗಳು ಉಷಾ ಬಾಗಿಲಲ್ಲೇ ನಿಂತು ಮಲಯಾಳದಲ್ಲಿ ಕೂಗಿದಳು: “ಅಮ್ಮೇ, ಅಪ್ಪಂಡೆ ಕಣ್ಣ್ ಚುವನ್ನು!” ಕನ್ನಡಿ ನೋಡಿಕೊಂಡರೆ ನಿಜ, ಎರಡೂ ಕಣ್ಣು ಕೆಂಡ.

ಮೊದಲ ವೈದ್ಯರು ನನ್ನ ಮೇಲಧಿಕಾರಿ ಶೇಷಗಿರಿ. ಬೆಂಗಳೂರಿನವರು, ವಿಜ್ಞಾನಿ. ಅಂದರೆ ತಮಗೆ ಗೊತ್ತಿಲ್ಲದ ವಿಷಯವನ್ನೂ ಚಿತ್ರ ಬರೆದು ವಿವರಿಸಬಲ್ಲವರು. ಹಾಳೆಯ ಮೇಲೆ ಎರಡು ಗೆರೆ ಎಳೆದು, “ನೋಡ್ರೀ, ಇದು ರಕ್ತನಾಳ. ಬಿಸಿಗೆ ಹಿಗ್ಗುತ್ತೆ, ರಕ್ತ ಜಾಸ್ತಿ ಹರಿಯುತ್ತೆ. ತಣ್ಣಗಾದ್ರೆ ಕುಗ್ಗುತ್ತೆ. ಐಸ್ ಇಡಿ, ಮುಗೀತು!” ಎಂದರು. ಎರಡನೆಯವರು ಮನೆಯ ಯಜಮಾನ ಪಿಳ್ಳೆ. ಅವರಿಗೆ ಲೋಕದ ಎಲ್ಲ ಕಾಯಿಲೆಗೂ ಕಾರಣ ಒಂದೇ. “ಸಾರೇ, ಇದು ಮೈಯೊಳಗಿನ ಚೂಡ್” ಎಂದು ಉಷ್ಣವನ್ನು ದೂರಿ, ಎಳನೀರು ಕುಳಂಬು ಎಂಬ ಹೆಸರು ಮಾತ್ರ ತಂಪಾದ ಕಣ್ಣಿನ ಮದ್ದಿನ ಪುಟ್ಟ ಸೀಸೆ ತಂದುಕೊಟ್ಟರು.

ಒಬ್ಬರು ನನ್ನ ಬಡ್ತಿಗೆ ಶಿಫಾರಸು ಬರೆಯಬೇಕಾದವರು. ಇನ್ನೊಬ್ಬರು ತಲೆಯ ಮೇಲಿನ ಸೂರಿಗೆ ಒಡೆಯರು. ಯಾರನ್ನು ಬಿಡಲಿ? ಬಲಗಣ್ಣನ್ನು ವಿಜ್ಞಾನಕ್ಕೆ, ಎಡಗಣ್ಣನ್ನು ಪಿಳ್ಳೆಯವರಿಗೆ ಹಂಚಿಬಿಟ್ಟೆ. ಹೆಂಡತಿ ಸರಸು ತಲೆ ಚಚ್ಚಿಕೊಂಡಳು. “ರೀ, ಎರಡೂ ನಿಮ್ಮದೇ ಕಣ್ಣಲ್ವೇನ್ರೀ?”

ಫ್ರಿಜ್ ನಮಗೆಲ್ಲಿ ಬರಬೇಕು? ಚಾಲೈ ಪೇಟೆಯಲ್ಲಿ ಐಸ್ ಸಿಕ್ಕಿದ್ದು ಮೀನಿನ ಅಂಗಡಿಯಲ್ಲಿ. ಕರವಸ್ತ್ರದಲ್ಲಿ ಸುತ್ತಿ ಬಲಗಣ್ಣಿಗಿಟ್ಟರೆ ಕೆಂಪು ತಗ್ಗಿದಂತಾಗಿ, ತೆಗೆದ ಮೇಲೆ ಮೊದಲಿಗಿಂತ ಜೋರಾಗಿ ಏರುತ್ತಿತ್ತು. ಮೀನಿನ ವಾಸನೆ ಮಾತ್ರ ಇಳಿಯಲೇ ಇಲ್ಲ. ಎಡಗಣ್ಣಿಗೆ ಕುಳಂಬಿನ ಒಂದು ತೊಟ್ಟು ಬಿದ್ದಿದ್ದೇ ತಡ, ಯಾರೋ ಮೆಣಸಿನಪುಡಿ ಎರಚಿದಂತಾಯಿತು. ನೀರು ಸುರಿಸುತ್ತ, ಗೋಡೆ ತಡವುತ್ತ, ನಲ್ಲಿ ಹುಡುಕಿಕೊಂಡು ಅಂಗಳಕ್ಕೆ ಓಡಿ ಮೆಟ್ಟಿಲಲ್ಲಿ ತೂರಾಡಿದೆ. ಎದುರಿಗೆ ಪಿಳ್ಳೆಯವರ ಹೆಂಡತಿ!

ಮರುದಿನ ಪಿಳ್ಳೆ ಬಂದು ನಿಂತರು. ಮುಖ ಗಂಟಿಕ್ಕಿತ್ತು. “ಸಾರೇ, ಕುಡಿ ಇವಿಡೆ ಪಾಡಿಲ್ಲ. ಕುಡಿಯುವವರಿಗೆ ನಾನು ಮನೆ ಕೊಡೋದಿಲ್ಲ.”

ತಾನೇ ಕೊಟ್ಟ ಮದ್ದಿನ ಉರಿಗೆ ತೂರಾಡಿದ್ದಕ್ಕೆ ನನ್ನನ್ನು ಕುಡುಕ ಎನ್ನುವ ಈ ಮಹಾನುಭಾವನಿಗೆ ಏನು ಹೇಳುವುದು? ಸರಸು ಅಳುತ್ತ ಪಾತ್ರೆಗಳನ್ನು ಕಟ್ಟಲು ಶುರುಮಾಡಿದಳು. ಆ ಊರಿನಲ್ಲಿ ಕುಡುಕನೆಂಬ ಹೆಸರು ಹೊತ್ತವನಿಗೆ ಬೇರೆ ಮನೆ ಯಾರು ಕೊಡುತ್ತಾರೆ? “ಡಾಕ್ಟರ ಹತ್ತಿರ ಹೋಗೋಣ, ನೀವೂ ಬನ್ನಿ” ಎಂದು ಪಿಳ್ಳೆಯವರನ್ನೇ ಎಳೆದುಕೊಂಡು ಹೊರಟೆ.

ಕಣ್ಣಿನ ಡಾಕ್ಟರು ನಡುವಯಸ್ಸಿನ ಹೆಂಗಸು. ದೀಪ ಹಿಡಿದು ನೋಡಿ, ನನ್ನ ಕೆಲಸದ ಬಗ್ಗೆ ಕೇಳಿದರು. “ತಣ್ಣಗಿನ ಒಣಗಾಳಿ ನೇರ ಮುಖಕ್ಕೆ ಬೀಸಿ ಕಣ್ಣು ಒಣಗಿದೆ. ಹೊರಗೆ ಬಿಸಿಲಿಗೆ ಬಂದಾಗ ಮೇಲಿನ ನಾಳಗಳು ಹಿಗ್ಗಿ ಇನ್ನೂ ಕೆಂಪಾಗಿ ಕಾಣುತ್ತೆ. ಕಣ್ಣಿನ ಹಿಂದೆ ರಕ್ತ ಧಾರಾಳವಾಗಿ ಹರಿಯುತ್ತೆ; ಹೆಚ್ಚಾದ ಬಿಸಿಯನ್ನು ಅದೇ ಹೊತ್ತೊಯ್ಯುತ್ತೆ. ನೀವು ಅದರ ಕೆಲಸಕ್ಕೆ ಕೈಹಾಕಬೇಡಿ. ಕುರ್ಚಿ ಬದಿಗೆ ಸರಿಸಿ, ಕಣ್ಣಿಗೆ ಏನನ್ನೂ ಹಾಕಬೇಡಿ” ಎಂದರು. “ಏನೂ ಬೇಡವೇ?” ಎಂದು ಪಿಳ್ಳೆ ನೊಂದು ಕೇಳಿದರು. “ನೀವು ಕೊಟ್ಟಿದ್ದಂತೂ ಬೇಡ.”

ಕುರ್ಚಿ ಸರಿಸಿದೆ. ಕೆಲವೇ ದಿನಗಳಲ್ಲಿ ಕಣ್ಣು ತಿಳಿಯಾಯಿತು. ಶೇಷಗಿರಿ ನೋಡಿ, “ಹೇಳಲಿಲ್ವೇನ್ರೀ? ಐಸ್!” ಎಂದರು. ಕೈಮುಗಿದು, “ನಿಮ್ಮ ಉಪಕಾರ ಮರೆಯೋಲ್ಲ ಸಾರ್” ಎಂದೆ. ಸಂಜೆ ಗೇಟಿನಲ್ಲಿ ಪಿಳ್ಳೆ ಕಾದಿದ್ದರು. ಡಾಕ್ಟರ ಮಾತು ಅವರ ಕಿವಿಯಿಂದ ಆವಿಯಾಗಿ ಹೋಗಿತ್ತು. “ಕುಳಂಬು ಮೊದಲು ಕೆಂಪು ಮಾಡಿ ಆಮೇಲೆ ವಾಸಿ ಮಾಡುತ್ತೆ, ಕಂಡಿರಾ?” ಎಂದರು. ಬಾಯಿ ತೆರೆದೆ. ನಮ್ಮ ಪಾತ್ರೆಗಳು ಮತ್ತೆ ಒಲೆ ಏರಿದ್ದು ಕಿಟಕಿಯಿಂದ ಕಾಣುತ್ತಿತ್ತು.

“ಅದ್ಭುತ ಮದ್ದು ಸಾರೇ” ಎಂದೆ. “ಇನ್ನೊಂದು ಸೀಸೆ ಸಿಗುತ್ತದೆಯೇ?”